ಚಿಲ್ರಿ

ಅಣ್ಣಿಗೇರಿ ಸ್ಟ್ಯಾಂಡಿನಾಗ ಬಸ್ಸು ಏಳು ನಿಮಿಷ ನಿಲ್ಲತೈತಿ.
ಹದಿನೆಂಟು ವರ್ಷ ಆ ಏಳು ನಿಮಿಷಕ್ಕ
ಎರಡು ಚಮಚಿ ಸಕ್ರಿ ಅಂತ ಲೆಕ್ಕ ಇತ್ತು.
ನಾ ಕೇಳತಿರಲಿಲ್ಲ, ಮಕ್ತುಮಸಾಬ ಹೇಳತಿರಲಿಲ್ಲ,
ಬಾಗಲದಾಗ ನಿಂತ ನನ್ನ ಕೈಗೆ ಗ್ಲಾಸು ತಾನ ಬರತಿತ್ತು.

ಸೋಮವಾರ ಲ್ಯಾಬಿನ ಹುಡುಗ ಚೀಟಿ ಕೊಟ್ಟ.
ಉಪಾಸ ಇದ್ದಾಗ ನೂರಾ ತೊಂಬತ್ತಾರು,
ಉಂಡ ಮ್ಯಾಲ ಇನ್ನೂರಾ ಎಂಬತ್ತೊಂದು.
ಟ್ರಿಪ್ಪಿನ ಕಲೆಕ್ಷನ್ ಇದ್ದಂಗ ಐತಲ್ಲೋ, ಅಂದೆ ನಗಕೋತ.
ಅಂವ ನಗಲಿಲ್ಲ.
ಡಾಕ್ಟರ್ ಬಾಯಾರು ಕೇಳಿದ್ರು:
ಏನೇನು ತಿಂತೀರಿ, ಎಷ್ಟೊತ್ತಿಗೆ?

ಎಷ್ಟೊತ್ತಿಗೆ!
ಮುಂಜಾನೆ ಐದೂವರಿಗೆ ಡಿಪೋದಾಗ ಚಾ, ಅದರಾಗ ಅದ್ದಿದ ಟೋಸ್ಟು.
ಗದಗಿನಾಗ ಹತ್ತೂವರಿಗೆ ಒಗ್ಗರಣಿ, ಮಿರ್ಚಿ.
ಮೂರಕ್ಕೋ ನಾಲ್ಕಕ್ಕೋ ಕ್ಯಾಂಟೀನಿನ ಬಿಳಿ ಅನ್ನ, ಗುಡ್ಡದಷ್ಟು.
ನಡುನಡುವ ಚಾ, ಚಾ, ಚಾ.
ಉಣ್ಣೂದಲ್ಲರಿ ಅದು, ಟ್ರಿಪ್ಪು ಮುಗಸೂದು.
ಇಷ್ಟೆಲ್ಲಾ ಹೇಳಲಿಲ್ಲ ನಾ.
ಸಾದಾ ಊಟರಿ, ಅಂದೆ.

ದಿನಕ್ಕ ನೂರು ಹೆಣ್ಮಕ್ಕಳಿಗೆ
ಸೊನ್ನಿ ಟಿಕೆಟ್ ಹರದು ಕೊಡಾಕಿಗೆ
ಸಕ್ರಿ ಸೊನ್ನಿ ಅನ್ನಾಕ ಬಾಯಿ ಬರಲಿಲ್ಲ.
ಒಂದು ವಾರ ಹಿಂದಿನ ಗಾಲಿ ಮರೀಗೆ ಹೋಗಿ ಚಾ ಚೆಲ್ಲಿದೆ.
ಡ್ರೈವರ್ ಕೊಟ್ರಪ್ಪ ಕನ್ನಡಿಯಾಗ ನೋಡಿ ಅಂದ:
ನೀಲವ್ವಕ್ಕಾ, ಗಾಲಿಗೂ ಸಕ್ರಿ ಬ್ಯಾನಿ ಹಚ್ಚತಿ ನೋಡು.

ಆವತ್ತ ಹೇಳಿದೆ.
ಮಕ್ತುಮಸಾಬ ಸಕ್ರಿ ಡಬ್ಬಿ ಮುಚ್ಚಿ
ಗ್ಲಾಸು ಕೊಟ್ಟು ಎದುರಿಗೇ ನಿಂತ.
ಹೆಂಗೈತಿ?
ಕೆಟ್ಟೈತಿ, ಅಂದೆ.
ನಾಳೆ ಶುಂಠಿ ಜಜ್ಜಿ ಹಾಕತೇನಿ, ಅಂದ.
ನಾಳೇನೂ ಕೆಟ್ಟಿತ್ತು. ಈಗಲೂ
ಪೂರಾ ಛಲೋ ಆಗಿಲ್ಲ.

ಬೆಟಗೇರಿಯಾಗ ತಂಗಿ ಮಗಳ ಕುಪ್ಪಸದ ದಿನ
ಹೋಳಗಿ ಬಡಸೂ ಕೈ ತಡಿಲಿಲ್ಲ.
ಒಂದರಿಂದ ಏನಾಗತೈತಿ, ಅಂದ್ಲು ತಂಗಿ.
ಏನೂ ಆಗೂದಿಲ್ಲ.
ಎಲ್ಲಾರೂ ಒಂದೊಂದ ಬಡಸತಾರ.

ಈಗ ಒಂದಕ್ಕ ಅಂದ್ರ ಒಂದಕ್ಕ ಡಬ್ಬಿ ಬಿಚ್ಚತೇನಿ.
ಒಂದೂವರಿ ರೊಟ್ಟಿ, ಮಡಿಕಿಕಾಳ ಪಲ್ಯೆ,
ಹಸೀ ಹಕ್ಕರಿಕಿ, ಅಗಸಿ ಹಿಂಡಿ.
ಆ ಅರ್ಧ ರೊಟ್ಟಿ ಮುರಿಯೂವಾಗ
ಹದಿಮೂರರ ಹುಡುಗಗ ಹತ್ತು ಅಂತ ಹೇಳಿ
ಅರ್ಧ ಟಿಕೆಟ್ ಕೇಳೂ ತಾಯಂದಿರು ನೆನಪಾಗತಾರ.
ನಾಲಿಗಿನೂ ಹಂಗ ಸುಳ್ಳ ಹೇಳತೈತಿ:
ಇನ್ನರ್ಧ ಹಾಕು, ಸಣ್ಣದೈತಿ.

ಕಂಟ್ರೋಲರ್ ಒದರತಾನ, ಗಾಡಿ ಬಿಡ್ರಿ, ಟೈಮಾತು.
ಜನ ಕಿಡಕಿ ಬಡಿತಾರ.
ಕೈ ಎತ್ತಿ ತೋರಸತೇನಿ:
ಬಾಯಾಗ ಸೀಟಿ ಇಲ್ಲರಿ, ರೊಟ್ಟಿ ಐತಿ.
ಖಡಕ್ ರೊಟ್ಟಿ. ಅಗಿಯಾಕ ಹೊತ್ತು ಹಿಡಿತೈತಿ.
ಇಷ್ಟು ವರ್ಷ ನನ್ನ ಹಲ್ಲಿಗೆ ಕೆಲಸನ ಇದ್ದಿಲ್ಲ.

ಒಂದಿನ ಮಾತ್ರ, ಗುಳಿಗಿ ನುಂಗಿ
ಡಬ್ಬಿ ಮನ್ಯಾಗ ಮರತೆ.
ಹುಲಕೋಟಿ ಇನ್ನೂ ದಾಟಿದ್ದಿಲ್ಲ,
ಮಶಿನ್ನಿನ ಅಂಕಿ ಇರಿವಿ ಹಂಗ ಹರದಾಡಿದುವು.
ಬೆವರು. ಕೈ ನಡುಗಿ
ನಾಣ್ಯ ಸೀಟಿನ ಬುಡಕ್ಕ ಉರುಳಿದುವು.

ಮೂರನೇ ಸೀಟಿನ ನಲವಡಿ ಅಜ್ಜ,
ಎರಡು ರೂಪಾಯಿ ಚಿಲ್ರಿಗೆ ವಾರದಿಂದ ಜಗಳಾಡಾಂವ,
ಬದಲಿಗೆ ನಾ ಕೊಟ್ಟ ಪೆಪ್ಪರಮಿಂಟು
ನಾ ಏನು ಕೂಸೇನ? ಅಂತ ಬಯ್ದು ಕಿಸೆದಾಗ ಇಟಗೊಂಡಾಂವ,
ಎದ್ದು ಬಂದು ತನ್ನ ಜಾಗಾದಾಗ ನನ್ನ ಕುಂದರಿಸಿದ.
ಕಿಸೆ ತಡಕಿದ.
ಬಿಸಿಲಿಗೆ ಕಾಗದ ಅಂಟಿತ್ತು. ಇದ್ದೆರಡು ಹಲ್ಲಿಲೆ ಹರದು
ನನ್ನ ಬಾಯಾಗಿಟ್ಟ.
ತಗೋ, ನಿನ್ನ ಚಿಲ್ರಿ.

ಅಷ್ಟು ಸವಿ ನಾ
ಅಷ್ಟು ವರ್ಷದ ಚಾದಾಗ ಕಂಡಿದ್ದಿಲ್ಲ.
ಕಿಡಕಿ ಆಚಿ ಎರಿಹೊಲ ತಮ್ಮ ತಮ್ಮ ಜಾಗಾಕ್ಕ ಬಂದು ನಿಂತುವು.
ಕೊಟ್ರಪ್ಪ ಗೇರ್ ಬದಲಿಸಿದ್ದು ಕೇಳಿಸ್ತು.
ಉಳಿದವರೆಲ್ಲ ಬಗ್ಗಿ ನನ್ನ ನಾಣ್ಯ ಆರಿಸಾಕತ್ತಿದ್ರು.

ಗದಗಿನಾಗ ಇಳಿಯೂವಾಗ
ಅಜ್ಜ ಮೆಟ್ಟಲ ಮ್ಯಾಲ ತಿರುಗಿ ನಿಂತ:
ಎರಡು ರೂಪಾಯಿ ಇನ್ನೂ ಬಾಕಿ ಐತಿ,
ಮರಿಬ್ಯಾಡ.