ನಶ್ಯದ ಡಬ್ಬಿ

ನಶ್ಯದ ಡಬ್ಬಿಯಲ್ಲಿದ್ದ ಸಾಸಿವೆಯನ್ನು
ಒಗ್ಗರಣೆಗೆ ಹಾಕಿದವಳು ನಾನೇ.
ಹೊಸೂರಿನಿಂದ ತಳಿಗೆ ಬಂದು ಒಂಬತ್ತು ದಿನ,
ಯಾವ ಡಬ್ಬಿ ಯಾವುದಕ್ಕೆ, ನನಗೇನು ಗೊತ್ತು?
ಚಟಪಟ ಸಿಡಿದು ಮುಗಿಯಿತು
ಅತ್ತೆಯ ಅವ್ವ ಸೆರಗಿನ ಗಂಟಲ್ಲಿ ತಂದ ಬೀಜ.
ಸಾರುಂಡ ಮಾವ ಎರಡು ಸಲ ಸೀನಿದರು.

ಪಿಳ್ಳಮ್ಮತ್ತೆ ಬಯ್ಯಲಿಲ್ಲ.
ಮುದ್ದೆ ಅರ್ಧಕ್ಕೆ ಬಿಟ್ಟು ಹಿತ್ತಿಲಿಗೆ ನಡೆದರು.
ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ
ಸೋಪಿನ ನೀರು ಕುಡಿದೇ ಬೆಳೆದ
ಒಂದೇ ಒಂದು ಗಿಡ.
ಅದಕ್ಕೆ ಕುಕ್ಕೆ ಮುಚ್ಚಿ,
"ಕೋಳಿ ಬಾಯಿ ಹಾಕಿದರೆ ನೀನೇ ಹೊಣೆ" ಅಂದರು.

ಮಾಗಿಯೆಲ್ಲ ಹೊತ್ತೆ ಹೊಣೆ.
ಒಂದೆಲೆಯನ್ನೂ ಚಿವುಟಲಿಲ್ಲ.
ಕಾಯಿ ಕಂದಿದ ಮುಂಜಾನೆ
ಇಬ್ಬನಿ ಆರುವ ಮೊದಲೇ ಕೊಯ್ದು
ಅವರ ಹಳೇ ಸೀರೆಯ ಮೇಲೆ ಬಡಿದೆ.

ಈಗ ಎರಡು ಪಾತಿ ಸೊಪ್ಪು.
ಹೊರಗಿನೆಲೆ ಮುರಿ, ಸುಳಿ ಬಿಡು,
ಹುರುಳಿಯ ಜೊತೆ ಬೇಯಿಸು,
ಘಾಟು ಮೂಗಿಗೇರಬೇಕು, ಕಣ್ಣಿಗಲ್ಲ.

ಡಬ್ಬಿಯ ಮೇಲೆ ನಾನು "ಬೀಜ" ಅಂತ ಬರೆದೆ.
ಅದರ ಕೆಳಗೆ, ಇಲ್ಲಿನ ಶಾಲೆಯ ಮಗಳು,
ತಮಿಳಲ್ಲಿ "ವಿದೈ".
ಎರಡನ್ನೂ ಓದಲು ಬಾರದ ಅತ್ತೆ
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ,
"ಇನ್ನೊಂದು ಬಿಸಿಲು ಬೇಕು" ಅನ್ನುತ್ತಾರೆ.