ಕರೆಂಟ್ ಹೋದ ಹೊತ್ತಿನ್ಯಾಗ

ಬನಹಟ್ಟ್ಯಾಗ ಸಪ್ಪಳಿಲ್ಲದ ಹೊತ್ತು ಒಂದ ಒಂದು:
ಕರೆಂಟ್ ಹೋದ ಹೊತ್ತು.
ಅದಕ್ಕ ತೌಸೀಫ ಹೆಸ್ಕಾಂನವರ ಟೈಮು ಬರಕೊಂಡು ಕುಂತಾನ:
ಎರಡರಿಂದ ನಾಕು, ಮಗ್ಗ ಬಂದ್.
ಲ್ಯಾಪ್‌ಟಾಪಿನ ಬ್ಯಾಟರಿ ಇರೂತನ ನನ್ನ ಕೆಲಸ.

ಅವರವ್ವನ ಕೌದಿ ನಾಕೂ ಗ್ವಾಡಿಗೆ ಬಡದಾನ.
ಹಳೇ ಸೀರಿ, ಹರಕು ಧೋತರ, ಯಾರದೋ ಕುಂಚಿಗಿ,
ಮಾತು ಹೋಗಿ ಬಡದರ ತಿರುಗಿ ಬರೂದಿಲ್ಲ,
ನುಂಗತಾವ.
ಕಸೂತಿ ಬಳಿಗೆ ತಂಗಿಯ ಕಾಲುಚೀಲ ಬಿಗದು
ಮೈಕಿನ ಮುಂದ ಕಟ್ಯಾನ.
"ಪ ಅಂದ್ರ ಗಾಳಿ ಬಡೀತೈತಿ, ಮಾಮಾ."

ನಾ ಜಾಬರ. ಮೂವತ್ತೊಂದು ವರ್ಷ
ಮಗ್ಗದ ಹೊಟ್ಟ್ಯಾಗ ಕೈ ಇಟ್ಟು ಒದರಿ ಬದುಕಿದಾಂವ.
ನಾ ಗುಟ್ಟು ಹೇಳಿದ್ರ ಆಚಿ ಓಣಿಗೆ ಕೇಳತೈತಿ.
"ಮೆಲ್ಲಕ, ಚನಮಲ್ಲಪ್ಪ ಮಾಮಾ, ಗೆರಿ ಕೆಂಪಗಾತು" ಅಂತಾನ.
ಮೆಲ್ಲಕ ಅಂದ್ರ ಎಷ್ಟು ಮೆಲ್ಲಕ?
ಅದನ್ನ ಯಾರೂ ಕಲಿಸಿಲ್ಲ ನನಗ.

ಕಿವಿಗೆ ಎರಡು ಬಟ್ಟಲ ಇಟ್ಟ.
ನನ್ನ ಉಸುರು ನನಗ ಕೇಳಿಸ್ತು.
ಮೂಗಿನ್ಯಾಗ ಸಣ್ಣದೊಂದು ಸೀಟಿ ಐತಿ ಅಂತ
ಈ ವಯಸ್ಸಿನ್ಯಾಗ ತಿಳೀತು.
ರಾತ್ರಿ ಹೇಣ್ತಿಗೆ ಹೇಳಿದೆ.
"ಇಪ್ಪತ್ತಾರು ವರ್ಷದಿಂದ ಕೇಳಾಕತ್ತೀನಿ," ಅಂದಳು,
ಆ ಮಗ್ಗಲಕ ಹೊಳ್ಳಿ.

ಆಟದಾಗ ನಾ ಕೋಟಿ ಕಾಯೂ ಸಿಪಾಯಿ. ಹೆಸರಿಲ್ಲ,
ಹಾಳ್ಯಾಗ "ಕಾವಲುಗಾರ ನಾಕು".
ಮಾತು ಒಂಬತ್ತು, ಸಾವು ಹದಿನೇಳು.
ಬಾಣ ನಟ್ಟು. ಕಾಯ್ದ ಎಣ್ಣಿ ಸುರುವಿ. ಬೆನ್ನಿಗೆ ಭರ್ಚಿ.
"ಹುಡೇದ ಮ್ಯಾಲಿಂದ ಬೀಳತಿ ಮಾಮಾ, ಎರಡು ಸೆಕೆಂಡ್,
ಕಡೀಕ ನೆಲ ಬಂದಂಗ ತಟಕ್ಕನ ನಿಲ್ಲು."
ಬಿದ್ದೆ.
"ಜಾಸ್ತಿ ಆತು, ಹುಡೇವು ಅಷ್ಟು ಎತ್ತರಿಲ್ಲ."
ಮತ್ತ ಬಿದ್ದೆ.

"ಯಾರು ಹೊಡೀತಾರೋ ನನ್ನ?"
"ಆಡಾವ್ರು."
"ಯಾಕ?"
"ನೀ ಬಾಗಲದಾಗ ನಿಂತಿರತಿ."
ಇದು ಖರೆ.

ಭರ್ಚೀದು ಬರವಲ್ಲದು. ಏಳು ಸಲ ಆತು.
"ನಾಟಕದಾಗ ಸತ್ತಂಗ ಸಾಯಾಕತ್ತಿ" ಅಂದ.
ಬ್ಯಾಟರಿ ಹದಿನೆಂಟು ಉಳಿದಿತ್ತು.
ಎಡಗೈ ನೋಡಿಕೊಂಡೆ, ಕಿರುಬಟ್ಟಿಲ್ಲದ ಜಾಗ.
ಆವತ್ತು ಫಣಿ ಬಂದು ಬಡದಾಗ ಒದರಿದ್ದೆ,
ನಲವತ್ತು ಮಗ್ಗ ನಡದಿದ್ದವು,
ಬಾಯಿ ತೆರದದ್ದು ಮಂದಿ ನೋಡಿದರು, ಅಷ್ಟ.
ಆ ಕೂಗು ಎಲ್ಲಿಗೂ ಹೋಗಿದ್ದಿಲ್ಲ,
ಎದಿಯಾಗ ಕಂಡಿಕಿ ಸುತ್ತಿಕೊಂಡು ಕುಂತಿತ್ತು.
ಎಳಿ ಸಿಕ್ಕಿತು. ಜಗ್ಗಿದೆ.

ತೌಸೀಫ ಒಂದು ಮಾತಾಡಲಿಲ್ಲ.
ಕೌದ್ಯಾಗಿನ ಸೀರಿಗೋಳೂ ಮಾತಾಡಲಿಲ್ಲ.
ಗಂಟಲ ಒಣಗಿತ್ತು. ಅಂದೆ:
"ತಡಿಯೋ... ಒಂದೀಟು ನೀರು ಕುಡೀತೀನಿ."
ಅಷ್ಟರಾಗ ಕರೆಂಟ್ ಬಂತು,
ಊರಿಗೂರ ಒಮ್ಮೆಲೆ ಖಟ್ ಖಟ್ ಅಂತ ಎದ್ದಿತು.

ಮಾತಿಗೆ ಐವತ್ತರಂಗ ಲೆಕ್ಕಾ ಮಾಡಿ ರೊಕ್ಕ ಕೊಟ್ಟ,
ಸಾವಿಗೂ ಅಷ್ಟ.
ನೀರಿನ ಮಾತು ಲೆಕ್ಕದಾಗ ಹಿಡೀಲಿಲ್ಲ,
ಆದರ ಅಳಿಸಲೂ ಇಲ್ಲ, ಬಿಟ್ಟಾನ ಅದನ್ನ
ಹನ್ನೊಂದನೇ ಸಾವಿನ ಬೆನ್ನಿಗೆ.

ಮೊನ್ನೆ ನಮ್ಮ ಓಣಿಯ ಶ್ರೀಶೈಲ ಬಂದ,
ಮೊಬೈಲ್ ಕೈಯಾಗ, ಮಾರಿ ಸಣ್ಣದು ಮಾಡಿಕೊಂಡು.
ಬೆಳಗಿಂದ ನನ್ನ ಮೂವತ್ತು ಸಲ ಕೊಂದಾನಂತ.
"ಕಾಕಾ, ಒಮ್ಮೊಮ್ಮೆ ನೀ ಬಿದ್ದ ಮ್ಯಾಲ ನೀರು ಕೇಳತಿ.
ಯಾವ ಬಟನ್ ಒತ್ತಬೇಕು?"
ಎಲ್ಲಾ ಒತ್ತಿ ನೋಡ್ಯಾನ.
ಒಂದಕ್ಕ ಜಿಗೀತಾನಂತ, ಒಂದಕ್ಕ ಕತ್ತಿ ಬೀಸತಾನಂತ.

ನಾ ಏನರ ಹೇಳೂದರಾಗ ಮಗ್ಗ ಚಾಲೂ ಆದವು.
ಅಂವ ಇನ್ನೂ ಏನೋ ಕೇಳಾಕತ್ತಿದ್ದ,
ಬಾಯಿ ಅಷ್ಟ ಕಾಣತಿತ್ತು.