ಕಾಡಿಗೆ

ಯೆಟ್ಟೆ, ನಿನ್ನ ವಿಡಿಯೊ ನೋಡಿದೆ. ರಾತ್ರಿ ಪಾಳಿ ಮುಗಿಸಿ,
ಡಯಾಲಿಸಿಸ್ ವಾರ್ಡಿನ ವಾಸನೆ ಇನ್ನೂ ಕೈಯಲ್ಲಿರುವಾಗ,
ಟ್ರಾಮಿನ ಕೊನೇ ಸೀಟಿನಲ್ಲಿ.

ಬೇಕಂತಲೇ ಕೆಡಿಸಿದ ಚಿತ್ರ, ಸವೆದ ಕ್ಯಾಸೆಟ್ಟಿನ ಹಾಗೆ ಗೆರೆ ಗೆರೆ.
ಗ್ರೂನಾವಿನ ನಮ್ಮ ಹಳೇ ಕಟ್ಟಡ, ಆರನೇ ಮಹಡಿ,
ಮಿಣುಕುವ ಟ್ಯೂಬ್‌ಲೈಟು. ಒಂದು ಬಾಗಿಲು.
ನಾಲ್ಕು ನಿಮಿಷ ಬರೀ ಬಾಗಿಲು.
ದೆವ್ವ ಬರಲಿಲ್ಲ, ರಕ್ತ ಬರಲಿಲ್ಲ.
ಬಂದದ್ದು ನಿನ್ನ ದನಿ, ದಿನಸಿ ಚೀಟಿ ಓದುವಂತೆ:

'ಸಂಜೆ ಆರು ನಲವತ್ತು. ಹುಡುಗಿ ಮನೆಗೆ ಬಂದಳು.
ಕಪ್ಪು ಲಂಗ. ಕಣ್ಣಿಗೂ ಕಪ್ಪು. ಜೊತೆಗೆ ಉದ್ದ ಕೋಟಿನ ಹುಡುಗ.
ಆರು ಐವತ್ತೈದು. ಸಂಗೀತ, ಅಳುವಂಥದ್ದು.
ಪಾತ್ರೆ ಇನ್ನೂ ವಾಪಸು ಕೊಟ್ಟಿಲ್ಲ.'

ಎರಡು ಲಕ್ಷ ಜನ ದೀಪ ಹಾಕಿಕೊಂಡು ಮಲಗಿದರಂತೆ.
ನೀನೇ ಕಟ್ಟಿದ ಕಥೆ ಅಂದುಕೊಂಡಿದ್ದಾರೆ, ಪಾಪ.

ಆಗ ನನಗೆ ಹದಿನೇಳು. ಅಂಗಡಿಯಲ್ಲಿ ಕಪ್ಪು ಬಟ್ಟೆ ಇರಲಿಲ್ಲ,
ಇದ್ದರೂ ಅದು ವಿಧವೆಯರ ಅಳತೆ.
ಅಜ್ಜಿಯ ಹೊದಿಕೆ ಹರಿದು, ಮೂರು ಪೊಟ್ಟಣ ಬಣ್ಣ ಸುರಿದು
ಕುದಿಸಲು ನಮ್ಮ ಪಾತ್ರೆ ಸಾಲದೆ
ಎದುರುಮನೆ ನಿಚ್ಕೆ ಅಮ್ಮನನ್ನು ಕೇಳಿದೆ.
ಜಾಮ್ ಕಾಯಿಸುವ ದೊಡ್ಡ ಎನಾಮೆಲ್ ಪಾತ್ರೆ, ನೀಲಿ ಅಂಚು.
'ಉಪ್ಪು ಹಾಕು, ಬಣ್ಣ ಹಿಡಿಯುತ್ತೆ' ಅಂದಳು.
ಹಿಡಿಯಿತು.

ಕೂದಲು ನೆಟ್ಟಗೆ ನಿಲ್ಲಲೆಂದು ಸಕ್ಕರೆ ನೀರು.
ಬೇಸಿಗೆಯಲ್ಲಿ ಜೇನ್ನೊಣ ಹಿಂದೆ ಬರುತ್ತಿದ್ದವು, ಪೊಲೀಸರೂ.
ಗೋರಿಗಳ ನಡುವೆ ಕೂತು ಸಾವಿನ ಮಾತಾಡುತ್ತಿದ್ದೆವು
ಕಂಡವರ ಹಾಗೆ. ಈಗ ಕಂಡಿದ್ದೇನೆ, ವಾರಕ್ಕೆರಡು.
ಅದರ ಬಣ್ಣ ಕಪ್ಪಲ್ಲ. ಹಳದಿ.

ಗೋಡೆಗೂ ಕಿವಿ ಅನ್ನುತ್ತಾರೆ. ಗೋಡೆ ಬಡಪಾಯಿ, ಯೆಟ್ಟೆ.
ಕಿವಿ ಇದ್ದದ್ದು ನಿಚ್ಕೆ ಅಮ್ಮನಿಗೆ,
ಕಿವಿಯಲ್ಲಿ ಪುಟ್ಟ ಮುತ್ತಿನ ಓಲೆ.
ಗೋಡೆ ಬಿತ್ತು. ಕಡತ ಬಿಚ್ಚಿತು.
ನೂರ ನಾಲ್ಕು ಪುಟ, ಹನ್ನೊಂದು ಸಲ ಪಾತ್ರೆ.

ಕಣ್ತುಂಬ ಕಾಡಿಗೆ ತೀಡಿದ್ದು ಕಂಡವರನ್ನು ಕಾಡಲೆಂದು.
ಕಾಡಿದ್ದು ನನ್ನನ್ನೇ,
ಅಕ್ಷರ ದುಂಡಗಿದ್ದ ಒಬ್ಬ ಹೆಂಗಸು.

ಕೇಳದೆ ಕಡತ ಓದಿದ್ದಕ್ಕೆ ಕೋಪವೇ ಅಂತ ಕೇಳಿದ್ದೀಯ.
ಗೊತ್ತಿಲ್ಲ. ನೀನು ಓದುವಾಗ
ಅವಳು ಒಂದೂ ಸುಳ್ಳು ಬರೆದಿಲ್ಲ ಅನ್ನಿಸಿತು.
ಹೆದರಿದ್ದು ಅಷ್ಟಕ್ಕೇ.

ಪೆಂಟೆಕೋಸ್ಟ್ ಬರುತ್ತಿದೆ. ಲೈಪ್‌ಜಿಗ್ ತುಂಬ ಮತ್ತೆ ಕಪ್ಪು ಕೊಡೆ,
ಕಾರ್ಸೆಟ್, ಕೊಂಬು. ಟ್ರಾಮಿನಲ್ಲಿ ಮುದುಕಿಯರು
ಲೇಸು ಮುಟ್ಟಿ ಬೆಲೆ ವಿಚಾರಿಸುತ್ತಾರೆ. ಯಾರೂ ಹೆದರುವುದಿಲ್ಲ.
ಒಂಚೂರು ಬೇಜಾರೇ.

ನನ್ನ ಲಂಗ ಮಾಸಿ ಬೂದಿಯಾಗಿದೆ.
ಭಾನುವಾರ ಬಾ, ಅದ್ದುವಂಥದ್ದು ಏನಾದರೂ ಹಿಡಿದುಕೊಂಡು.
ಪಾತ್ರೆ ಇಲ್ಲೇ ಇದೆ, ನೀಲಿ ಅಂಚು ಒಂದು ಕಡೆ ಚಕ್ಕೆ ಎದ್ದಿದೆ.
ಉಪ್ಪು ಮುಗಿದಿದೆ. ಬರುವಾಗ ತಾ.